ಪಿಕಪ್‌ಗೆ ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು) ಹಾಕಿಸಬೇಕು ಅಂತಿದ್ದೇನೆ. ಮಾಡಿಸಿದವರು ಇದ್ದೀರಾ?

ಪಾಂಡವಪುರ ಪಿಕಪ್
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹಳೇ ಡಬಲ್ ಕ್ಯಾಬ್ ಫೋರ್‌ಬೈಫೋರ್ ಪಿಕಪ್ ಇದೆ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಎರಡು ಚಕ್ರವೂ ಬೇರೆ ಬೇರೆಯಾಗಿ ಆಡುತ್ತವೆ. ಸ್ಪ್ರಿಂಗ್ ಬದಲು ಟಾರ್ಶನ್ ಬಾರ್ (ತಿರುಚಿಕೊಳ್ಳುವ ಉಕ್ಕಿನ ಸರಳು). ಹಿಂದೆ ಕಮಾನ್ ಪಟ್ಟೆ (ಲೀಫ್ ಸ್ಪ್ರಿಂಗ್). ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ವಾರವೆಲ್ಲ ತೋಟದ ಕೆಲಸ. ಭಾನುವಾರ ಗೆಳೆಯರ ಜೊತೆ ಕಲ್ಲು ಗುಡ್ಡ ಹತ್ತಿಸುವುದು.

ತೊಂದರೆ ಮುಂದಿನ ಸಿವಿ ಜಾಯಿಂಟ್‌ದು, ಅಂದರೆ ಬಾಗಿಕೊಂಡೇ ಚಕ್ರಕ್ಕೆ ಶಕ್ತಿ ತಲುಪಿಸುವ ಕೀಲಿನದು. ಒಂದೂವರೆ ವರ್ಷದಲ್ಲಿ ಮೂರು ಸಲ ರಬ್ಬರ್ ಬೂಟ್ ಹರಿದಿದೆ. ಕಳೆದ ವಾರ ಕಬ್ಬಿನ ಗದ್ದೆಯಿಂದ ನಾಲೆ ಏರಿಗೆ ಹತ್ತಿಸುವಾಗ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಟಕ್ ಟಕ್ ಟಕ್ ಅಂತು, ಆಮೇಲೆ ಢಮಾರ್. ಇಳಿದು ನೋಡಿದರೆ ರಿಮ್ ಒಳಗೆಲ್ಲ ಕರೀ ಗ್ರೀಸ್ ಎರಚಿದೆ. ಹರಿದ ಬೂಟ್ ಒಳಗೆ ಕೆಸರು. ಅದರ ಮಧ್ಯೆ ಗೋಲಿಯಷ್ಟು ದಪ್ಪದ ಒಂದು ಉಕ್ಕಿನ ಗುಂಡು ಹೊಳೆಯುತ್ತಿತ್ತು. ಟ್ರ್ಯಾಕ್ಟರ್ ಕಟ್ಟಿ ಎಳೆಸಿದೆವು.

ಗ್ಯಾರೇಜಿನವರು ಹೇಳಿದ್ದು, "ಇದೆಲ್ಲ ಕಿತ್ತು ಹಳೇ ಜೀಪಿನ ಮುಂದಿನ ಹೌಸಿಂಗ್ (ಆಕ್ಸಲ್‌ನ ಗಟ್ಟಿ ಕವಚ) ಕೂರಿಸಿಬಿಡಿ, ಜನ್ಮಕ್ಕೆ ಮುರಿಯಲ್ಲ" ಅಂತ. ಮೈಸೂರಿನ ಒಂದು ಗುಜರಿಯಲ್ಲಿ ಅಂಥ ಆಕ್ಸಲ್ ಸಿಕ್ಕಿದೆ. ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ. ಮಾಡಿಸಿದವರು ಅನುಭವ ಹೇಳಿ. ಒಳ್ಳೆಯದೂ ಹೇಳಿ, ಕೆಟ್ಟದ್ದೂ ಹೇಳಿ.

ಮಳವಳ್ಳಿ ಮಣ್ಣು
ಮಾಡಿಸಿ ಗುರು! ಸಾಲಿಡ್ ಆಕ್ಸಲ್ ಮುಂದೆ ಬೇರೆ ಯಾವುದೂ ನಿಲ್ಲಲ್ಲ. ಒಂದು ಚಕ್ರ ಬಂಡೆ ಹತ್ತಿದರೆ ಇನ್ನೊಂದು ತಾನಾಗಿಯೇ ಕೆಳಗೆ ಒತ್ತುತ್ತದೆ. ಇಂಡಿಪೆಂಡೆಂಟ್‌ನಲ್ಲಿ ಆ ಚಕ್ರ ಗಾಳಿಯಲ್ಲಿ ತಿರುಗುತ್ತಾ ಕೂರುತ್ತದೆ.

ಜಿಪ್ಸಿ ಮನೆ
ನಾನೂ ಅದನ್ನೇ ಹೇಳುತ್ತೇನೆ. ಜಿಪ್ಸಿಯಲ್ಲಿ ಹಿಂದೆ ಮುಂದೆ ಎರಡೂ ಸಾಲಿಡ್, ಎರಡಕ್ಕೂ ಕಮಾನ್ ಪಟ್ಟೆ. ಸೇನೆ ಎಷ್ಟು ವರ್ಷ ಅದನ್ನೇ ಓಡಿಸಿತು ನೋಡಿ. 2023ರಲ್ಲಿ ಇಲ್ಲಿಗೆ ಬಂದ ಜಿಮ್ನಿಯಲ್ಲೂ ಎರಡೂ ಸಾಲಿಡ್, ಕಾಯಿಲ್ ಸ್ಪ್ರಿಂಗ್ ಮೇಲೆ.

ಹುಣಸೂರು ರಸ್ತೆ
ಟೊಯೋಟಾ ಹೈಲಕ್ಸ್ ಪಿಕಪ್ ಕೂಡ ಸಾಲಿಡ್ ಅಲ್ವಾ? ಅದಕ್ಕೇ ಅಷ್ಟು ಗಟ್ಟಿ ಅಂತ ಹೆಸರು.

ಮೈಸೂರು ಮೆಕ್ಯಾನಿಕಲ್
ಅಲ್ಲ. ಅಮೆರಿಕದ ಫೋರ್‌ಬೈಫೋರ್ ಹೈಲಕ್ಸ್ 1979ರಿಂದ 1985ರವರೆಗೆ ಮುಂದೆ ಸಾಲಿಡ್ ಆಕ್ಸಲ್, ಲೀಫ್ ಸ್ಪ್ರಿಂಗ್. ಅಮೆರಿಕದಲ್ಲಿ 1986ರ ಮಾಡೆಲ್‌ನಿಂದ ಇಂಡಿಪೆಂಡೆಂಟ್, ಟಾರ್ಶನ್ ಬಾರ್ ಬಂತು. ಅಲ್ಲಿ ಈ ಬದಲಾವಣೆಯ ಹುಚ್ಚು ಹತ್ತಿದ್ದೇ ಅದರಿಂದ. ಹಳೇ ಗಾಡಿಯ ಆಕ್ಸಲ್ ಕಿತ್ತು ಹೊಸ ಗಾಡಿಗೆ ಹಾಕುತ್ತಿದ್ದರು. 2022ರಲ್ಲಿ ನಮ್ಮ ದೇಶಕ್ಕೆ ಬಂದ ಹೈಲಕ್ಸ್ ಮುಂದೆ ಪೂರ್ತಿ ಇಂಡಿಪೆಂಡೆಂಟ್. ಗಟ್ಟಿತನಕ್ಕೂ ಆಕ್ಸಲ್ ಬಗೆಗೂ ನೇರ ಸಂಬಂಧ ಇಲ್ಲ.

ಮಳವಳ್ಳಿ ಮಣ್ಣು
ಸಂಬಂಧ ಇಲ್ಲದೆ ಲ್ಯಾಂಡ್ ಕ್ರೂಸರ್ 70ಕ್ಕೆ ಇವತ್ತಿಗೂ ಸಾಲಿಡ್ ಯಾಕೆ ಇಟ್ಟಿದ್ದಾರೆ? ಜೀಪ್ ರಾಂಗ್ಲರ್‌ಗೆ ಯಾಕೆ ಇದೆ?

ಮೈಸೂರು ಮೆಕ್ಯಾನಿಕಲ್
ಅವು ಮೊದಲಿನಿಂದಲೇ ಆ ಆಕ್ಸಲ್‌ಗೆ ಅಂತ ಮಾಡಿದ ಚಾಸಿಗಳು. ಸ್ಟೇರಿಂಗ್ ಬಾಕ್ಸ್ ಎಲ್ಲಿರಬೇಕು, ಎಂಜಿನ್ ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಎಷ್ಟು ಎತ್ತರ ಇರಬೇಕು ಎಲ್ಲ ಲೆಕ್ಕ ಹಾಕಿ ಮಾಡಿದ್ದು. ಇವರದು ಹಾಗಲ್ಲ. ಇಂಡಿಪೆಂಡೆಂಟ್ ಗಾಡಿಯಲ್ಲಿ ಎಂಜಿನ್ ಕೆಳಗೆ ಜಾಗ ಇರುವುದಿಲ್ಲ. ಹೌಸಿಂಗ್ ಮೇಲೆ ಬಂದಾಗ ಸಂಪ್‌ಗೆ ಗುದ್ದುತ್ತದೆ. ಅದಕ್ಕೇ 4-5 ಇಂಚು ಎತ್ತಬೇಕಾಗುತ್ತದೆ. ಎತ್ತಿದಷ್ಟೂ ಗಾಡಿ ಓಲಾಡುವುದು ಜಾಸ್ತಿ.

ಬನ್ನಿಮಂಟಪ ಬೆಸುಗೆ
ಹದಿನೆಂಟು ವರ್ಷದಿಂದ ಚಾಸಿ ಕೆಲಸ ಮಾಡುತ್ತಿದ್ದೇನೆ. ಈ ಕೆಲಸ ನಾಲ್ಕು ಗಾಡಿಗೆ ಮಾಡಿದ್ದೇನೆ. ನಾಲ್ಕರಲ್ಲಿ ಎರಡು ಈಗಲೂ ಚೆನ್ನಾಗಿ ಓಡುತ್ತಿವೆ. ಇನ್ನೆರಡರ ಮಾಲೀಕರು ಅರ್ಧಕ್ಕೇ ಬೇಸತ್ತು ಗಾಡಿ ಮಾರಿದರು. ಆದ್ದರಿಂದ ಪೂರ್ತಿ ಹೇಳುತ್ತೇನೆ, ಉದ್ದ ಆದರೂ ಓದಿ.

ಎಲ್ಲರೂ ಆಕ್ಸಲ್ ಆಕ್ಸಲ್ ಅನ್ನುತ್ತಾರೆ. ಆಕ್ಸಲ್ ಕೂರಿಸುವುದು ಸುಲಭ. ಕಷ್ಟ ಸ್ಟೇರಿಂಗ್. ನಿಮ್ಮ ಗಾಡಿಯಲ್ಲಿ ರ‍್ಯಾಕ್ ಅಂಡ್ ಪಿನಿಯನ್ (ಹಲ್ಲಿನ ಸರಳನ್ನು ಎಡ ಬಲಕ್ಕೆ ಸರಿಸುವ ಸ್ಟೇರಿಂಗ್) ಇದ್ದರೆ ಅದನ್ನು ಪೂರ್ತಿ ಬಿಚ್ಚಬೇಕು. ರ‍್ಯಾಕ್ ಚಾಸಿಗೆ ಬಿಗಿದಿರುತ್ತದೆ, ಆಕ್ಸಲ್ ಮೇಲೆ ಕೆಳಗೆ ಹೋಗುತ್ತದೆ. ಎರಡಕ್ಕೂ ಹೊಂದುವುದಿಲ್ಲ. ಅದರ ಬದಲು ಸ್ಟೇರಿಂಗ್ ಬಾಕ್ಸ್ ಬೇಕು. ಬಾಕ್ಸ್ ಕೂರುವ ಜಾಗದಲ್ಲಿ ಚಾಸಿ ಒಳಗೆ ಪೈಪ್ ತೂರಿಸಿ ಬೆಸೆಯಬೇಕು. ಇಲ್ಲದಿದ್ದರೆ ಬೋಲ್ಟ್ ಬಿಗಿದಂತೆ ಚಾಸಿಯ ಗೋಡೆ ಒಳಕ್ಕೆ ಕುಸಿಯುತ್ತದೆ. ಆಮೇಲೆ ಡ್ರ್ಯಾಗ್ ಲಿಂಕ್, ಅಂದರೆ ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆ ಹೋಗುವ ಸರಳು. ಅದು ಆದಷ್ಟು ಮಟ್ಟವಾಗಿ ಇರಬೇಕು. ಓರೆ ಜಾಸ್ತಿಯಾದರೆ ಪ್ರತಿ ಗುಂಡಿಗೂ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಕಾಯಿಲ್ ಸ್ಪ್ರಿಂಗ್ ಹಾಕಿದರೆ ಪ್ಯಾನ್‌ಹಾರ್ಡ್ ರಾಡ್ ಬೇಕು. ಅದೂ ಡ್ರ್ಯಾಗ್ ಲಿಂಕೂ ಒಂದೇ ಓರೆಯಲ್ಲಿ, ಹತ್ತಿರ ಹತ್ತಿರ ಒಂದೇ ಉದ್ದದಲ್ಲಿ ಇರಬೇಕು. ಕಮಾನ್ ಪಟ್ಟೆಗೆ ಆ ರಾಡ್ ಬೇಕಿಲ್ಲ, ಪಟ್ಟೆಯೇ ಆಕ್ಸಲನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುತ್ತದೆ. ಅದಕ್ಕೇ ನಾನು ಪಟ್ಟೆಯನ್ನೇ ಹೇಳುತ್ತೇನೆ.

ಇನ್ನು ರೇಷಿಯೋ, ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವುದು. ಹಿಂದೆ 4.10, ಮುಂದೆ 4.88 ಆದರೆ ಏನಾಗುತ್ತದೆ? ಹಿಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು 0.84 ಸುತ್ತು ಮಾತ್ರ ಬರುತ್ತದೆ. ಕೆಸರಿನಲ್ಲಿ ಜಾರಿಕೊಂಡು ಹೋಗಬಹುದು. ಗಟ್ಟಿ ನೆಲದಲ್ಲಿ ಫೋರ್‌ಬೈಫೋರ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದೆ ಶಕ್ತಿ ಹಂಚುವ ಪೆಟ್ಟಿಗೆ) ಹೋಗುತ್ತದೆ. ಅಡ್ವಾನ್ಸ್ ಕೊಟ್ಟ ಆಕ್ಸಲ್‌ನ ಹಲ್ಲು ಎಣಿಸಿದ್ದೀರಾ? ಕ್ರೌನ್ (ದೊಡ್ಡ ಗೇರ್) ಹಲ್ಲನ್ನು ಪಿನಿಯನ್ (ಸಣ್ಣ ಗೇರ್) ಹಲ್ಲಿನಿಂದ ಭಾಗಿಸಿ, ಅಷ್ಟೇ.

ಕೊನೆಯದು, ನಿಮ್ಮ ಟ್ರಾನ್ಸ್‌ಫರ್ ಕೇಸ್‌ನಿಂದ ಮುಂದಿನ ಜಾಯಿಂಟ್ ಯಾವ ಕಡೆ ಬರುತ್ತದೆ? ಎಡಕ್ಕಾ, ಬಲಕ್ಕಾ? ಆಕ್ಸಲ್‌ನ ಗುಂಡಿ, ಅಂದರೆ ಕ್ರೌನ್ ಪಿನಿಯನ್ ಕೂರುವ ಉಬ್ಬು, ಯಾವ ಕಡೆ ಇದೆ? ಎರಡೂ ಒಂದೇ ಕಡೆ ಇರಬೇಕು.

ಪಾಂಡವಪುರ ಪಿಕಪ್
ಅಣ್ಣಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಯಾವ ಕಡೆ ಅಂತ ನಾನು ನೋಡಿಲ್ಲ. ಹಲ್ಲೂ ಎಣಿಸಿಲ್ಲ. ಭಾನುವಾರ ನೋಡಿ ಹೇಳುತ್ತೇನೆ.

ಕಬ್ಬಿನ ಗದ್ದೆ
ಕಡೆ ಬೇರೆ ಆದರೆ ಏನು? ಹೌಸಿಂಗ್ ತಲೆಕೆಳಗು ಮಾಡಿ ಹಾಕಿದರೆ ಗುಂಡಿ ಆ ಕಡೆಯಿಂದ ಈ ಕಡೆಗೆ ಬರುತ್ತದಲ್ಲ.

ಬನ್ನಿಮಂಟಪ ಬೆಸುಗೆ
ಬರುತ್ತದೆ. ಆದರೆ ಚಕ್ರ ಹಿಂದಕ್ಕೆ ತಿರುಗುತ್ತದೆ! ಹಿಂದಿನ ಆಕ್ಸಲ್ ಮುಂದಕ್ಕೆ ತಳ್ಳುತ್ತಿರುತ್ತದೆ, ಮುಂದಿನದು ಹಿಂದಕ್ಕೆ ಎಳೆಯುತ್ತದೆ. ಆಯಿಲ್ ಕೂಡ ಪಿನಿಯನ್ ಬೇರಿಂಗ್‌ಗೆ ಸರಿಯಾಗಿ ಸಿಗುವುದಿಲ್ಲ. ಯಾರೂ ಹೀಗೆ ಮಾಡಬೇಡಿ.

ಕಬ್ಬಿನ ಗದ್ದೆ
ಸರಿ ಅಣ್ಣಾ, ಒಪ್ಪಿದೆ. ಕೈಯಲ್ಲಿ ಪೆನ್ಸಿಲ್ ಹಿಡಿದು ತಿರುಗಿಸಿ ನೋಡಿದೆ. ನೀವು ಹೇಳಿದ್ದೇ ನಿಜ.

ಕೆ.ಆರ್. ಪೇಟೆ ಟ್ರ್ಯಾಕ್ಟರ್
ನಮ್ಮ ಕಡೆ ಎತ್ತಿನ ಗಾಡಿಯ ಅಚ್ಚು ನೋಡಿದವರಿಗೆ ಇದೆಲ್ಲ ಹೊಸದಲ್ಲ. ಒಂದೇ ಅಚ್ಚು, ಎರಡು ಗಾಲಿ. ಒಂದು ಗಾಲಿ ಬದು ಹತ್ತಿದರೆ ಇಡೀ ಗಾಡಿ ಆ ಕಡೆಯಿಂದ ಎದ್ದು ವಾಲುತ್ತದೆ. ಟ್ರ್ಯಾಕ್ಟರ್‌ನಲ್ಲಿ ಮುಂದಿನ ಅಚ್ಚನ್ನು ನಡುವೆ ಒಂದು ಪಿನ್‌ಗೆ ಸಿಕ್ಕಿಸಿರುತ್ತಾರೆ. ಅಚ್ಚು ತಕ್ಕಡಿ ಥರ ಆಡುತ್ತದೆ, ಎಂಜಿನ್ ನೆಟ್ಟಗೆ ಇರುತ್ತದೆ. ಗದ್ದೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಗದ್ದೆ ಕೆಲಸಕ್ಕೆ ಟ್ರ್ಯಾಕ್ಟರ್ ಇಟ್ಟುಕೊಳ್ಳಿ, ಪಿಕಪ್ ರಸ್ತೆಗೆ ಇರಲಿ.

ಮಳವಳ್ಳಿ ಮಣ್ಣು
ಟ್ರ್ಯಾಕ್ಟರ್‌ನಲ್ಲಿ ಮೈಸೂರಿಗೆ ಹೋಗಿ ಬರೋಕಾಗುತ್ತಾ ಅಣ್ಣಾ?

ಕೆ.ಆರ್. ಪೇಟೆ ಟ್ರ್ಯಾಕ್ಟರ್
ಬೆಂಗಳೂರು-ಮೈಸೂರು ಹೈವೇ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ನಮ್ಮನ್ನು ಬಿಡುವುದೇ ಇಲ್ಲ. ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲ ಸರ್ವೀಸ್ ರಸ್ತೆ. ಆದರೂ ನಾನು ಹೇಳಿದ್ದು ನಿಜ. ಒಂದೇ ಗಾಡಿಯಲ್ಲಿ ಎರಡೂ ಕೆಲಸ ಆಗಬೇಕು ಅಂದರೆ ಎಲ್ಲೋ ಒಂದು ಕಡೆ ಬಿಟ್ಟುಕೊಡಬೇಕು.

ಮದ್ದೂರಿನವಳು
ನಾನು ಓಡಿಸಿ ನೋಡಿದವಳು, ನನ್ನ ಮಾತೂ ಕೇಳಿ. ನಮ್ಮ ಮನೆಯವರು ಹೀಗೇ ಬದಲಾಯಿಸಿದ್ದ ಗಾಡಿ ತಗೊಂಡಿದ್ದರು. ಒಂದು ದಿನ ನಾನೇ ಮಂಡ್ಯದಿಂದ ಬರುತ್ತಿದ್ದೆ. ವೇಗ 80ರ ಹತ್ತಿರ. ಸೇತುವೆಯ ಜೋಡಣೆ ಮೇಲೆ ಚಕ್ರ ಒಂದು ಸಣ್ಣ ಏಟು ತಿಂತು, ಅಷ್ಟೇ. ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಪಟಪಟ ಅಂತ ಬಡಿದುಕೊಳ್ಳೋಕೆ ಶುರುವಾಯಿತು. ಡ್ಯಾಶ್ ಬೋರ್ಡ್ ಮೇಲಿದ್ದ ಗಣೇಶ ಕೆಳಗೆ ಬಿದ್ದ. ಹೆಬ್ಬೆರಳು ಸ್ಟೇರಿಂಗ್ ಕಡ್ಡಿಗೆ ಬಡಿದು ಊದಿಕೊಂಡಿತು. ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ. ಕಾಲು ತೆಗೆದು ನಿಧಾನವಾಗಿ 40ಕ್ಕೆ ಇಳಿದ ಮೇಲೆ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು.

ಆಮೇಲೆ ಅಳತೆ ಮಾಡಿಸಿದಾಗ ಕ್ಯಾಸ್ಟರ್ (ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಓರೆ) 1 ಡಿಗ್ರಿ ಮಾತ್ರ ಇತ್ತು. ಮುಂದಿನ ಎರಡು ಚಕ್ರ ಜೋಡಿಸುವ ಟೈ ರಾಡ್ ತುದಿಯೂ ಸಡಿಲ. ಮೊದಲು ಕೆಲಸ ಮಾಡಿದವರು ಅಲುಗಾಟ ತಡೆಯುವ ಸ್ಟೇರಿಂಗ್ ಡ್ಯಾಂಪರ್ ಒಂದು ಹಾಕಿ ಅದನ್ನೆಲ್ಲ ಮುಚ್ಚಿಟ್ಟಿದ್ದರು. ಸರಿ ಮಾಡಿಸಿದ ಮೇಲೆ ಗಾಡಿ ನೆಟ್ಟಗೆ ಹೋಗುತ್ತಿದೆ, ಸುಳ್ಳು ಹೇಳಲ್ಲ. ಆದರೆ ಆ ದಿನ ನೆನಪಾದರೆ ಈಗಲೂ ಕೈ ಬೆವರುತ್ತದೆ.

ಮೈಸೂರು ಮೆಕ್ಯಾನಿಕಲ್
ಇದನ್ನು ಎಲ್ಲರೂ ಎರಡು ಸಲ ಓದಿ. ಡ್ಯಾಂಪರ್ ರೋಗ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಕ್ಯಾಸ್ಟರ್ 4ರಿಂದ 6 ಡಿಗ್ರಿ ಸಿಗುವ ಹಾಗೆ ಕೂರಿಸಬೇಕು. ಇಲ್ಲಿ ಇನ್ನೊಂದು ಸಿಕ್ಕು ಇದೆ. ಕ್ಯಾಸ್ಟರ್‌ಗೆ ಅಂತ ಹೌಸಿಂಗ್ ತಿರುಗಿಸಿದರೆ ಪಿನಿಯನ್ ನೆಲ ನೋಡುತ್ತದೆ, ಪ್ರೊಪೆಲರ್ ಶಾಫ್ಟ್ ಕ್ರಾಸ್ (ಅದರ ಕೀಲು) ಬೇಗ ಹೋಗುತ್ತದೆ. ಪಿನಿಯನ್ ಮೇಲೆತ್ತಿದರೆ ಕ್ಯಾಸ್ಟರ್ ಹೋಗುತ್ತದೆ. ಎರಡೂ ಬೇಕಾದರೆ ಹೌಸಿಂಗ್ ತುದಿಯಲ್ಲಿ ಚಕ್ರ ತಿರುಗುವ ಕೀಲನ್ನು (ನಕಲ್) ಕತ್ತರಿಸಿ, ತಿರುಗಿಸಿ, ಮತ್ತೆ ಬೆಸೆಯಬೇಕು. ಅದು ಎಲ್ಲರ ಕೈಲಾಗುವ ಕೆಲಸ ಅಲ್ಲ.

ಸಾವಿರ ಮೆಟ್ಟಿಲು
ಯಾರೂ ಕಾನೂನಿನ ಮಾತೇ ಎತ್ತುತ್ತಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ನೋಡಿ. ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಇದನ್ನು.

ಕಬ್ಬಿನ ಗದ್ದೆ
ಜಮೀನಿನ ಒಳಗೆ ಓಡಿಸಿದರೆ ಯಾರು ಕೇಳುತ್ತಾರೆ?

ಸಾವಿರ ಮೆಟ್ಟಿಲು
ಜಮೀನಿಗೆ ಹೋಗೋಕೆ ರಸ್ತೆ ದಾಟಬೇಕಲ್ವಾ? ಮದ್ದೂರಿನವರು ಬರೆದದ್ದು ಓದಿದಿರಲ್ಲ. ಎದುರಿಗೆ ಬರುವವರು ಯಾವ ತಪ್ಪು ಮಾಡಿದ್ದಾರೆ?

ಜಿಪ್ಸಿ ಮನೆ
ಕಾನೂನು ಸರಿ ಸರ್. ಆದರೆ ನಮ್ಮಂಥವರಿಗೆ ಒಪ್ಪಿಗೆ ಪಡೆದು ಮಾಡಿಸುವ ಒಂದು ದಾರಿ ಬೇಕು. ಎಂಜಿನ್ ಬದಲಾಯಿಸೋಕೆ ಅರ್ಜಿ ಹಾಕಬಹುದು. ಚೆನ್ನಾಗಿ ಮಾಡಿದ ಆಕ್ಸಲ್ ಕೆಲಸವನ್ನೂ ಪರೀಕ್ಷೆ ಮಾಡಿ ಒಪ್ಪಿಕೊಳ್ಳಲಿ. ದಾರಿ ಇಲ್ಲದಿದ್ದರೆ ಜನ ಕದ್ದು ಮಾಡಿಸುತ್ತಾರೆ. ಕದ್ದು ಮಾಡಿಸಿದ ಕೆಲಸವೇ ಇನ್ನೂ ಅಪಾಯ.

ಹುಣಸೂರು ರಸ್ತೆ
ವಿಷಯ ಸ್ವಲ್ಪ ಬೇರೆ. ಭಾನುವಾರ ಎಲ್ಲಿ ಓಡಿಸುತ್ತೀರಿ? ಮೇಲುಕೋಟೆ ಕಡೆ ಒಳ್ಳೇ ಬಂಡೆ ಇವೆಯಂತೆ, ನಾವೂ ಬರಬಹುದಾ?

ನಾಗಮಂಗಲ ನವಿಲು
ಮೇಲುಕೋಟೆ ಸುತ್ತಮುತ್ತ ವನ್ಯಧಾಮ ಇದೆ. ತೋಳಗಳಿಗೆ ಅಂತಲೇ ಕಾಪಾಡಿದ ಜಾಗ ಅದು. ಅಲ್ಲಿಗೆ ಗಾಡಿ ನುಗ್ಗಿಸಬೇಡಿ, ಕೈಮುಗಿದು ಕೇಳುತ್ತೇನೆ. ನಾಗರಹೊಳೆ ಅಂಚೂ ಬೇಡ, ಕಾವೇರಿ ಹೊಳೆಯ ಒಡಲೂ ಬೇಡ. ತೋಳ ಕಲ್ಲಿನ ಸಂದಿಯಲ್ಲಿ ಮರಿ ಹಾಕುತ್ತದೆ. ನಿಮಗೆ ಬಂಡೆ ಅನಿಸಿದ್ದು ಅದಕ್ಕೆ ಮನೆ.

ಪಾಂಡವಪುರ ಪಿಕಪ್
ನಾವು ಹೋಗುವುದು ಗೆಳೆಯನ ಸ್ವಂತ ಜಮೀನು. ನಿಂತು ಹೋದ ಕಲ್ಲು ಕ್ವಾರಿ. ಕಾಡಿಗೆ ಯಾವತ್ತೂ ಹೋಗಿಲ್ಲ, ಹೋಗುವುದೂ ಇಲ್ಲ.

ನಾಗಮಂಗಲ ನವಿಲು
ಸಂತೋಷ. ಹಾಗೇ ಇರಲಿ.

ಮೈಸೂರು ಮೆಕ್ಯಾನಿಕಲ್
ಪಾಂಡವಪುರದವರೇ, ನನಗೆ ಮೊದಲ ದಿನದಿಂದ ಒಂದು ಅನುಮಾನ ಇದೆ. ಒಂದೂವರೆ ವರ್ಷದಲ್ಲಿ ಮೂರು ಬೂಟ್ ಹರಿಯುವುದು ಸಹಜ ಅಲ್ಲ. ಹಿಂದಿನ ಮಾಲೀಕರು ಟಾರ್ಶನ್ ಬಾರ್ ಬೋಲ್ಟ್ ಬಿಗಿ ಮಾಡಿ ಮುಂದುಗಡೆ ಎತ್ತಿಸಿದ್ದಾರಾ? ಹಾಗೆ ಎತ್ತಿದರೆ ಗಾಡಿ ಎತ್ತರ ಕಾಣುತ್ತದೆ ನಿಜ. ಆದರೆ ಚಕ್ರದ ಓಡಾಟ ಒಂದು ನೂಲಿನಷ್ಟೂ ಜಾಸ್ತಿ ಆಗುವುದಿಲ್ಲ. ಕೆಳಗೆ ಇಳಿಯಬೇಕಾದ ಜಾಗವನ್ನೇ ತಿಂದುಹಾಕಿರುತ್ತದೆ. ಸಿವಿ ಜಾಯಿಂಟ್ ಸುಮ್ನೆ ನಿಂತಾಗಲೇ ಓರೆಯಾಗಿ ಬಾಗಿರುತ್ತದೆ. ಅದರ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುರಿಯದೆ ಇನ್ನೇನಾಗುತ್ತದೆ?

ಸಾಲಿಡ್ ಆಕ್ಸಲ್‌ನಲ್ಲಿ ಆ ಜಾಯಿಂಟ್ ಬಾಳಿಕೆ ಬರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಅದು ಸ್ಟೇರಿಂಗ್‌ಗೆ ಮಾತ್ರ ಬಾಗುತ್ತದೆ. ಇಂಡಿಪೆಂಡೆಂಟ್‌ನಲ್ಲಿ ರಸ್ತೆಯ ಗುಂಡಿಗೂ ಬಾಗಬೇಕು, ತಿರುವಿಗೂ ಬಾಗಬೇಕು.

ಗಾಡಿಯನ್ನು ಮಟ್ಟ ನೆಲದಲ್ಲಿ ನಿಲ್ಲಿಸಿ. ಕಂಟ್ರೋಲ್ ಆರ್ಮ್‌ಗೂ (ಚಕ್ರ ಹಿಡಿದ ತೋಳು) ರಬ್ಬರ್ ಸ್ಟಾಪ್‌ಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಮೇಲಿನದೂ ನೋಡಿ, ಕೆಳಗಿನದೂ ನೋಡಿ.

ಮಳವಳ್ಳಿ ಮಣ್ಣು
ಏನೇ ಹೇಳಿ, ಇಂಡಿಪೆಂಡೆಂಟ್ ಒತ್ತಿದಾಗ ಹೊಟ್ಟೆ ನೆಲಕ್ಕೆ ಹತ್ತಿರ ಬರುತ್ತದೆ. ಸಾಲಿಡ್‌ನಲ್ಲಿ ಗುಂಡಿ ಕೆಳಗಿನ ಎತ್ತರ ಯಾವಾಗಲೂ ಅಷ್ಟೇ ಇರುತ್ತದೆ. ಬಂಡೆ ಮೇಲೆ ಅದು ದೊಡ್ಡ ಧೈರ್ಯ.

ಮೈಸೂರು ಮೆಕ್ಯಾನಿಕಲ್
ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಗುಂಡಿ ಯಾವಾಗಲೂ ಕೆಳಗೇ ನೇತಾಡುತ್ತದೆ. ಎತ್ತಬೇಕಾದರೆ ಟೈರ್ ಒಂದೇ ದಾರಿ. ಟೈರ್ 2 ಇಂಚು ದೊಡ್ಡದಾದರೆ ಗುಂಡಿ ಮೇಲೇಳುವುದು 1 ಇಂಚು ಮಾತ್ರ.

ಪಾಂಡವಪುರ ಪಿಕಪ್
ಭಾನುವಾರ ಬೆಳಿಗ್ಗೆ ಕಣದಲ್ಲಿ ಗಾಡಿ ನಿಲ್ಲಿಸಿ ಚಾಪೆ ಹಾಸಿಕೊಂಡು ಕೆಳಗೆ ಮಲಗಿದೆ. ಮೆಕ್ಯಾನಿಕಲ್ ಅವರು ಹೇಳಿದ್ದು ಅಕ್ಷರಶಃ ನಿಜ. ಆರ್ಮ್ ಕೆಳಕ್ಕೆ ಇಳಿಯುವಾಗ ತಡೆಯುವ ರಬ್ಬರ್ ಇದೆಯಲ್ಲ, ಅಲ್ಲಿ ನನ್ನ ಕಿರುಬೆರಳೂ ಹೋಗುವುದಿಲ್ಲ. ಮೇಲುಗಡೆ ಮಾತ್ರ ಒಂದು ಗೇಣು ಖಾಲಿ. ಎರಡೂ ಬೋಲ್ಟ್‌ಗಳನ್ನು ಕೊನೆಯವರೆಗೆ ಬಿಗಿದಿದ್ದಾರೆ. ಒಂದರ ಥ್ರೆಡ್ ಮೇಲೆ ಹಳೇ ಬಣ್ಣದ ಗೆರೆ ಇದೆ. ಮೊದಲು ಎಲ್ಲಿತ್ತು ಅಂತ ಅದರಿಂದ ಗೊತ್ತಾಯಿತು. ಈ ಬೋಲ್ಟ್ ಕಡೆ ಗ್ಯಾರೇಜಿನಲ್ಲಿ ಯಾರೂ ಇಷ್ಟು ದಿನ ಬೆರಳು ತೋರಿಸಿರಲಿಲ್ಲ. ಬೇಜಾರಾಯಿತು.

ಚಕ್ರ ಎತ್ತಿ, ಗೆರೆವರೆಗೆ ಎರಡೂ ಕಡೆ ಸಮ ಸಮ ಬಿಚ್ಚಿದೆ. ಹೊಸ ಜಾಯಿಂಟ್ ಹಾಕಿಸಿದೆ. ಅಲೈನ್‌ಮೆಂಟ್ ಮಾಡಿಸಿದೆ. ಅದೇ ಏರಿ, ಅದೇ ಎಡ ತಿರುವು, ಟೈರ್ ಗಾಳಿ 20 ಪಿಎಸ್‌ಐಗೆ ಇಳಿಸಿಕೊಂಡು ಹತ್ತಿಸಿದೆ. ಒಂದು ಸದ್ದಿಲ್ಲ.

ಕೆ.ಆರ್. ಪೇಟೆ ಟ್ರ್ಯಾಕ್ಟರ್
ಭೇಷ್! ದುಡ್ಡು ಉಳಿಯಿತು.

ಮಳವಳ್ಳಿ ಮಣ್ಣು
ಗದ್ದೆ ಆಯಿತು. ಕ್ವಾರಿಯಲ್ಲಿ ಏನಾಯಿತು ಅದು ಹೇಳಿ.

ಪಾಂಡವಪುರ ಪಿಕಪ್
ಕ್ವಾರಿಯಲ್ಲಿ ಮೂರನೇ ಮೆಟ್ಟಿಲು ಹತ್ತಲಿಲ್ಲ. ಮುಂದಿನ ಒಂದು ಚಕ್ರ, ಹಿಂದಿನ ಒಂದು ಚಕ್ರ ಎರಡೂ ಎದ್ದು ಸುಮ್ನೆ ತಿರುಗಿದವು. ಅದಕ್ಕೇ ಇನ್ನೂ ಮನಸ್ಸು ಆಕ್ಸಲ್ ಕಡೆಯೇ ಎಳೆಯುತ್ತಿದೆ.

ಬನ್ನಿಮಂಟಪ ಬೆಸುಗೆ
ಎರಡು ಚಕ್ರ ಗಾಳಿಯಲ್ಲಿ ತಿರುಗಿದರೆ ಮೊದಲು ಬೇಕಾದ್ದು ಹಿಂದೆ ಒಂದು ಲಾಕರ್, ಅಂದರೆ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಬೀಗ. ಎದ್ದ ಚಕ್ರ ತಿರುಗಿದರೂ ಇನ್ನೊಂದು ಹಿಡಿಯುತ್ತದೆ. ಚಾಸಿ ಕತ್ತರಿಸುವ ಅಗತ್ಯ ಇಲ್ಲ. ಅದು ಹಾಕಿ ಒಂದು ಮಳೆಗಾಲ ಓಡಿಸಿ. ಆಮೇಲೂ ಸಾಲದು ಅನಿಸಿದರೆ ಕಾಗದಪತ್ರದ ದಾರಿ ಮೊದಲು ವಿಚಾರಿಸಿಕೊಂಡು ಬನ್ನಿ, ಕೂತು ಮಾತಾಡೋಣ.

ಯಾರ ಹತ್ತಿರವೇ ಮಾಡಿಸಿದರೂ ಇದನ್ನು ನೋಡಿ. ಚಾಸಿಗೆ ಪ್ಲೇಟ್ ಹಾಕುವಾಗ ಅಡ್ಡಕ್ಕೆ ನೇರವಾಗಿ ಕತ್ತರಿಸಿದ ಪ್ಲೇಟ್ ಬೇಡ. ಅಂಚು ಮೀನಿನ ಬಾಯಿ ಥರ ಓರೆ ಇರಬೇಕು. ನೇರ ಬೆಸುಗೆ ಇದ್ದಲ್ಲೇ ಚಾಸಿ ಸೀಳುತ್ತದೆ. 7018 ವೆಲ್ಡಿಂಗ್ ರಾಡ್ ಆದರೆ ಒಲೆಯಲ್ಲಿ ಒಣಗಿಸಿದ್ದೇ ಆಗಬೇಕು. ಹೌಸಿಂಗ್ ಟ್ಯೂಬ್ ಮೇಲೆ ಒಂದೇ ಸಲ ಉದ್ದಕ್ಕೂ ಬೆಸೆದರೆ ಶಾಖಕ್ಕೆ ಟ್ಯೂಬ್ ಬಾಗುತ್ತದೆ. ಎರಡು ಇಂಚು ಇಲ್ಲಿ, ಎರಡು ಇಂಚು ಆ ಕಡೆ, ನಡುವೆ ಆರಲು ಬಿಡಬೇಕು. ಬೆಸೆಯುವ ಮುಂಚೆ ಬ್ಯಾಟರಿ ವೈರ್ ತೆಗೆಯಿರಿ. ಪಟ್ಟೆಗೆ ಆಕ್ಸಲ್ ಬಿಗಿಯುವ ಯು ಬೋಲ್ಟ್ 500 ಕಿ.ಮೀ. ಆದ ಮೇಲೆ ಮತ್ತೆ ಬಿಗಿಯಬೇಕು. ಇದನ್ನು ಮರೆತವರೇ ಜಾಸ್ತಿ.

ಅಂದಹಾಗೆ, ಗುಂಡಿ ಯಾವ ಕಡೆ ಅಂತ ನೋಡಿದಿರಾ?

ಪಾಂಡವಪುರ ಪಿಕಪ್
ನೋಡಿದೆ ಅಣ್ಣಾ. ನನ್ನ ಟ್ರಾನ್ಸ್‌ಫರ್ ಕೇಸ್ ಎಡಕ್ಕೆ. ಗುಜರಿಯಲ್ಲಿರುವ ಆಕ್ಸಲ್ ಗುಂಡಿ ಬಲಕ್ಕೆ. ಹಲ್ಲನ್ನೂ ಎಣಿಸಿದೆ, ಹಿಂದಿನದಕ್ಕೆ ಹೊಂದುವುದಿಲ್ಲ. ಅಡ್ವಾನ್ಸ್ ವಾಪಸ್ ಕೇಳಿದೆ. ಬೇರೆ ಗಿರಾಕಿ ಕರೆತಂದರೆ ಕೊಡುತ್ತೇನೆ ಅಂದರು.

ಜಿಪ್ಸಿ ಮನೆ
ಹಳೇ ಜೀಪಿನದೇ ಅಲ್ವಾ? ನಮ್ಮ ತಾತನ ಜೀಪ್ ಕೊಟ್ಟಿಗೆಯಲ್ಲಿ ನಿಂತು ಆರು ವರ್ಷ ಆಯಿತು. ಮುಂದಿನ ಹೌಸಿಂಗ್ ಸೀಳಿದೆ. ಗುಂಡಿ ಬಲಕ್ಕೇ ಇದೆ. ನಾಳೆ ಬೆಳಿಗ್ಗೆ ಮೈಸೂರಿಗೆ ಬರಲಾ?

ಪಾಂಡವಪುರ ಪಿಕಪ್
ಬನ್ನಿ, ನಾನೂ ಬರುತ್ತೇನೆ. ಆ ಆಕ್ಸಲ್‌ನ ಎಡಗಡೆ ಕಿಂಗ್ ಪಿನ್ (ಚಕ್ರ ತಿರುಗುವ ಗೂಟ) ಬೇರಿಂಗ್ ಆಡುತ್ತಿದೆ, ಕೈಯಲ್ಲಿ ಅಲ್ಲಾಡಿಸಿ ನೋಡಿಯೇ ದುಡ್ಡು ಕೊಡಿ. ಹಲ್ಲು ಎಣಿಸಿ ಸೀಮೆಸುಣ್ಣದಲ್ಲಿ ಹೌಸಿಂಗ್ ಮೇಲೆ ಬರೆದಿಟ್ಟಿದ್ದೇನೆ.